ಎಂಬತ್ತು ಕಿಲೋ ಎಂಬ ಸುಳ್ಳು

ಬೆಳಗಿನ ಐದೂವರೆ. ತಗಡಿನ ಶೆಡ್ಡಿನ ನೆಲದ ಮೇಲೆ ಆರು ಬೊಂಬೆಗಳು ಅಂಗಾತ ಬಿದ್ದಿವೆ. ದಪ್ಪ ಕ್ಯಾನ್ವಾಸಿನ ಮೈ, ಎರಡು ಕಾಲು, ತಲೆಯಿಲ್ಲ, ಕೈಯಿಲ್ಲ. ಮಂಡಿಯೂರಿ ಕುಳಿತ ಐವತ್ತೆಂಟರ ಮನುಷ್ಯ ಒಂದರ ಹೊಟ್ಟೆಗೆ ಮರಳು ಸುರಿದು, ಮುಷ್ಟಿಯಿಂದ ಗುದ್ದಿ, ಮತ್ತೆ ಸುರಿಯುತ್ತಾರೆ. ಎಲ್ಲರ ಬಾಯಲ್ಲೂ ಅವರು ಬೊಂಬೆಯಣ್ಣ.

ಕಾಡಿನ ಬೆಂಕಿ ಆರಿಸಲು ವಿಮಾನದಿಂದ ಧುಮುಕುವ ಪಡೆಯೊಂದಿದೆ. ಅವರ ಪ್ಯಾರಾಚೂಟುಗಳನ್ನು ಮೊದಲು ಈ ಬೊಂಬೆಗಳಿಗೆ ಕಟ್ಟಿ ಬೀಳಿಸಿ ನೋಡುತ್ತಾರೆ. ತುಂಬುವುದು, ತೂಗುವುದು, ಗಾಡಿಗೇರಿಸುವುದು, ಬಿದ್ದಲ್ಲಿಂದ ಎಳೆದು ತರುವುದು ಎಲ್ಲ ಇವರೊಬ್ಬರದೇ ಪಾಡು. ಇಪ್ಪತ್ತಾರು ವರ್ಷ ದುಡಿದರೂ ಇನ್ನೂ ಹಂಗಾಮಿ. ಸೊಂಟ ಬಿದ್ದುಹೋಗಿ ಪಟ್ಟಿ ಕಟ್ಟಿಕೊಂಡೇ ಬರುತ್ತಾರೆ. “ನನಗಿಂತ ಆ ಬೊಂಬೆಗಳನ್ನೇ ಹೆಚ್ಚು ತಬ್ಬಿಕೊಂಡಿದ್ದಾರೆ” ಎಂದು ಹೆಂಡತಿ ನಗುತ್ತಾರೆ. ಹರಿದ ಬೊಂಬೆಗಳಿಗೆ ಹೊಲಿಗೆ ಹಾಕಿಕೊಡುವುದೂ ಆಕೆಯೇ.

ಪ್ಯಾರಾಚೂಟನ್ನು ಬೊಂಬೆಯಣ್ಣ ಛತ್ರಿ ಎನ್ನುತ್ತಾರೆ. “ಭಾರ ಕೆಳಗೆ ಎಳೆಯುತ್ತೆ, ಛತ್ರಿಗೆ ಸಿಕ್ಕ ಗಾಳಿ ಮೇಲಕ್ಕೆ ತಳ್ಳುತ್ತೆ. ಬೀಳೋ ವೇಗ ಹೆಚ್ಚಿದಷ್ಟೂ ತಳ್ಳೋದೂ ಹೆಚ್ಚು. ಎರಡೂ ಸಮ ಆದಾಗ ವೇಗ ಏರೋದು ಅಲ್ಲಿಗೇ ನಿಲ್ಲುತ್ತೆ. ಅದೇ ಛತ್ರಿಗೆ ಭಾರ ಜಾಸ್ತಿ ಕಟ್ಟಿದ್ರೆ, ಸಮ ಆಗೋಷ್ಟರಲ್ಲಿ ವೇಗಾನೂ ಏರಿರುತ್ತೆ. ಇಷ್ಟೇ ಸ್ವಾಮಿ, ಇದಕ್ಕೆ ಡಿಗ್ರಿ ಬೇಕಾ?”

ಬೇಕಿಲ್ಲ. ಆದರೆ ಡಿಗ್ರಿ ಇದ್ದವರಿಗೇ ಅದು ತಲೆಗೆ ಹೋಗಲಿಲ್ಲ. ಬೊಂಬೆಯ ತೂಕ ಎಂಬತ್ತು ಕಿಲೋ ಎಂಬ ನಿಯಮ ಬರೆದದ್ದು, ಧುಮುಕುವವರು ಬರೀ ಸಲಿಕೆ ಹಿಡಿದು ಇಳಿಯುತ್ತಿದ್ದ ಕಾಲದಲ್ಲಿ. ಈಗ ಅವರ ಮೈಮೇಲೆ ಗರಗಸ, ಪಂಪು, ನೀರಿನ ಚೀಲ ಎಲ್ಲ ಇವೆ. ಬೊಂಬೆಯಣ್ಣ ಒಬ್ಬರ ನಂತರ ಒಬ್ಬರಂತೆ ಮೂವರು ಅಧಿಕಾರಿಗಳಿಗೆ ಎಂಬತ್ತು ಸಾಲದೆಂದು ಹೇಳಿದರು. “ಮರಳು ತುಂಬೋನಿಗೆ ಇದೆಲ್ಲ ಯಾಕೆ?” ಎಂದರು ಒಬ್ಬರು. ಉಳಿದಿಬ್ಬರು ಬಾಗಿಲಿನತ್ತ ಕೈ ತೋರಿಸಿದರು.

ಕಳೆದ ಬೇಸಿಗೆಯಲ್ಲಿ, ತರಬೇತಿಯ ಮೈದಾನಕ್ಕೆ ಪೂರ್ತಿ ಹೊರೆಯೊಂದಿಗೆ ಇಳಿದ ಇಪ್ಪತ್ತೇಳರ ಯುವತಿಯೊಬ್ಬಳ ಎರಡೂ ಕಣಕಾಲು ಮುರಿದವು. ಮೊದಲು ಓಡಿದವರು ಬೊಂಬೆಯಣ್ಣ. ಆಕೆಯನ್ನು ಆಸ್ಪತ್ರೆಗೆ ಒಯ್ದ ಮೇಲೆ ಹೊರೆಯನ್ನು ಶೆಡ್ಡಿಗೆ ತಂದು ತೂಗಿದರು. ಐವತ್ತೊಂದು ಕಿಲೋ. ಆಕೆಯ ಮೈತೂಕ ಅರವತ್ತೊಂಬತ್ತು. ವಿಚಾರಣೆ ಮೂರೇ ದಿನಕ್ಕೆ ಮುಗಿಯಿತು. ‘ಕಾಲೂರಿದ ರೀತಿ ತಪ್ಪು, ಸ್ವಂತ ನಿರ್ಲಕ್ಷ್ಯ’ ಎಂದು ಆಕೆಯ ಫೈಲಿನಲ್ಲಿ ಬರೆದರು. ಆ ಹೊರೆ ಎಷ್ಟಿತ್ತೆಂದು ವಿಚಾರಣೆಗೆ ಕೂತ ಒಬ್ಬನೂ ಕೇಳಲಿಲ್ಲ.

ಮರುವಾರ ಬೊಂಬೆಯಣ್ಣ ಯಾರ ಅಪ್ಪಣೆಗೂ ಕಾಯದೆ ಎರಡು ಬೊಂಬೆಗಳ ಕಾಲಿಗೆ ಮಣ್ಣಿನ ಕುಡಿಕೆ ಇಟ್ಟು ಹೊಲಿಸಿದರು. ಒಂದಕ್ಕೆ ಎಂಬತ್ತು ಕಿಲೋ, ಇನ್ನೊಂದಕ್ಕೆ ನೂರಿಪ್ಪತ್ತು. ಛತ್ರಿ ಒಂದೇ ಅಳತೆಯದು. ಆ ವಾರದ ಪರೀಕ್ಷೆಯ ವಿಮಾನದಿಂದಲೇ ಎರಡನ್ನೂ ಬೀಳಿಸಿದ್ದಾಯಿತು. ಹಗುರದ ಬೊಂಬೆಯ ಕುಡಿಕೆಗಳು ಹಾಗೇ ಉಳಿದವು. ಭಾರದ ಬೊಂಬೆ ಇಳಿದ ವೇಗ ಹಗುರದ್ದಕ್ಕಿಂತ ಐದನೇ ಒಂದು ಪಾಲು, ಅದಕ್ಕೂ ತುಸು ಮೇಲೆ, ಹೆಚ್ಚಿತ್ತು, ಅಷ್ಟೇ. ಆದರೆ ಭಾರವೂ ವೇಗವೂ ಸೇರಿ, ನೆಲಕ್ಕೆ ಅಪ್ಪಳಿಸಿದ ಶಕ್ತಿ ಎರಡು ಪಟ್ಟು ದಾಟಿತ್ತು. ಅದರ ಕುಡಿಕೆಗಳು ನುಚ್ಚುನೂರಾಗಿದ್ದವು.

ಆ ಚೂರುಗಳನ್ನು ಅವರು ಹಿರಿಯ ಅಧಿಕಾರಿಯ ಮೇಜಿನ ಮೇಲೆ ಸುರಿದರು. “ಇದು ಅವಳ ಕಾಲು, ನೋಡಿ.” ಹತ್ತೊಂಬತ್ತು ದಿನ ಅವರನ್ನು ಗೇಟಿನ ಹೊರಗಿಟ್ಟರು. ಅಷ್ಟರಲ್ಲಿ ಸುದ್ದಿ ಪಡೆಗೆ ಮುಟ್ಟಿತ್ತು. ಒಬ್ಬೊಬ್ಬರೇ ಹೊರೆ ಹೊತ್ತು ಶೆಡ್ಡಿನ ತಕ್ಕಡಿ ಹತ್ತಿದರು, ತೂಕ ಬರೆದುಕೊಂಡರು, ವಿಮಾನ ಹತ್ತುವುದಿಲ್ಲ ಎಂದರು. ಆಮೇಲೆ ಹೊಸ ಆದೇಶ ಹೊರಟಿತು: ಪರೀಕ್ಷೆ ನೂರಿಪ್ಪತ್ತು ಕಿಲೋಗೆ, ಎಲ್ಲರಿಗೂ ದೊಡ್ಡ ಛತ್ರಿ. ಬೊಂಬೆಯಣ್ಣನನ್ನೂ ವಾಪಸು ಕರೆದರು. ಹಿಂದಿನ ತಪ್ಪಿನ ಬಗ್ಗೆ ಮಾತ್ರ ಆದೇಶದಲ್ಲಿ ಒಂದಕ್ಷರವಿಲ್ಲ.

ಆ ಯುವತಿ ಈಗ ಅದೇ ಕಚೇರಿಯಲ್ಲಿ ಫೋನ್ ಎತ್ತುತ್ತಾಳೆ. ಇನ್ನು ಧುಮುಕುವಂತಿಲ್ಲ. “ಬೊಂಬೆಯಣ್ಣ ಇಲ್ಲದಿದ್ರೆ ತಪ್ಪು ನಂದೇ ಅಂತ ನಾನೂ ನಂಬಿಬಿಡ್ತಿದ್ದೆ” ಎನ್ನುತ್ತಾಳೆ.

ಈಗ ನಿಮಗೇನು ಬೇಕು ಎಂದು ಬೊಂಬೆಯಣ್ಣನನ್ನು ಕೇಳುತ್ತೇನೆ. ಕೈಯ ಮರಳು ಕೊಡವುತ್ತಾರೆ. ದನಿ ಏರುತ್ತದೆ.

“ನಂಗೆ ಶಾಲು ಗೀಲು ಏನೂ ಬೇಡ. ಆ ಹುಡುಗಿ ಫೈಲಲ್ಲಿ ಬರೆದಿದ್ದನ್ನ ಹೊಡೆದುಹಾಕಿ, ತಪ್ಪು ನಮ್ಮದು ಅಂತ ಒಂದು ಸಾಲು ಬರೀಲಿ. ಅಷ್ಟಕ್ಕೆ ಪೆನ್ನಿಲ್ಲ ಅಂದ್ರೆ ನಾನೇ ಕೊಡ್ತೀನಿ.”