ಇಲ್ಲದ ಬೆರಳ ತುದಿಯ ಲೆಕ್ಕ

ಸರ್ ಅವರ ಬಲಗೈಯ ಉಂಗುರ ಬೆರಳಿಗೆ ತುದಿ ಇರಲಿಲ್ಲ. ಸಣ್ಣವರಿದ್ದಾಗ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕು ಹೋಗಿತ್ತಂತೆ. ಉಗುರು ಇರಬೇಕಾದ ಕಡೆ ಚರ್ಮ ಒಳಗೆ ಮಡಚಿಕೊಂಡು ಮಿರಿಮಿರಿ ಹೊಳೆಯುತ್ತಿತ್ತು. ಅವರು ಏನನ್ನೇ ಎಣಿಸಲಿ, ಆ ಕೈಯಿಂದಲೇ ಎಣಿಸುತ್ತಿದ್ದರು. ಹೆಬ್ಬೆರಳನ್ನು ತೋರುಬೆರಳಿನ ಬುಡದ ಗೆರೆಗೆ ಇಟ್ಟು, ಮೂರು ಗೆರೆ ದಾಟಿ ತುದಿ ಮುಟ್ಟಿದರೆ ನಾಲ್ಕು. ನಾಲ್ಕು ಬೆರಳಿಗೆ ಹದಿನಾರು. ನಮ್ಮ ಸಂತೆಯಲ್ಲಿ ಹೆಂಗಸರು ಎಣಿಸುವುದೂ ಹೀಗೆಯೇ. ಸರ್ ಮಾತ್ರ ಉಂಗುರ ಬೆರಳಿಗೆ ಬಂದಾಗ ಮೂರನೆಯ ಗೆರೆ ದಾಟಿ, ತುದಿ ಇಲ್ಲದ ಆ ಬರೀ ಗಾಳಿಯಲ್ಲಿ ಹೆಬ್ಬೆರಳನ್ನು ಒಂದು ಗಳಿಗೆ ನಿಲ್ಲಿಸಿ, ಆಮೇಲೆ ಕಿರುಬೆರಳಿಗೆ ಹೋಗುತ್ತಿದ್ದರು. ಮೊದಲ ಸಲ ನೋಡಿದಾಗ ನಾನು ನಕ್ಕುಬಿಟ್ಟೆ.

"ನಗವಾ, ನಗು. ಆದ್ರ ಬಿಟ್ಟು ಎಣಿಸಬ್ಯಾಡ. ಖಾಲಿ ಜಾಗಕ್ಕೂ ಲೆಕ್ಕ ಐತಿ," ಅಂದರು.

ಅವರು ನನಗೆ ಡಿಪ್ಲೊಮಾದಲ್ಲಿ ಪಾಠ ಹೇಳಿದವರು. ನಿವೃತ್ತರಾದ ಮೇಲೆ ಗೋಕಾಕದಲ್ಲಿ ಒಂದು ಹಿಟ್ಟಿನ ಗಿರಣಿಯ ಮಾಳಿಗೆ ಬಾಡಿಗೆಗೆ ಹಿಡಿದು, ಕಂಪೈಲರ್ ಪರೀಕ್ಷಿಸುವ ಕೆಲಸ ಶುರು ಮಾಡಿದ್ದರು. ನಾವು ಬರೆಯುವ ಪ್ರೋಗ್ರಾಮನ್ನು ಚಿಪ್ಪಿಗೆ ತಿಳಿಯುವ ಆಜ್ಞೆಗಳಾಗಿ ಬದಲಿಸಿ ಕೊಡುವ ಸಾಫ್ಟ್‌ವೇರಿಗೆ ಕಂಪೈಲರ್ ಅನ್ನುತ್ತಾರೆ. ಎಲ್ಲೋ ದೂರದ ಒಂದು ಕಂಪನಿ ಅಗ್ಗದ ಚಿಪ್ಪೊಂದಕ್ಕೆ ಅದನ್ನು ತಯಾರಿಸುತ್ತಿತ್ತು. ಅದು ಎಲ್ಲಿ ಎಡವುತ್ತದೆ ಎಂದು ಹುಡುಕುವುದು ನಮ್ಮ ಕೆಲಸ. ನಾನು ದಿನಾ ತುಕ್ಕಾನಟ್ಟಿಯಿಂದ ಬಸ್ಸಿಗೆ ಬರುತ್ತಿದ್ದೆ. ಇನ್ನೊಬ್ಬರು ಮಾಡಿದ್ದರಲ್ಲಿ ತಪ್ಪು ಹುಡುಕುವ ನೌಕರಿ ಎಂದು ಮನೆಯಲ್ಲಿ ಹೇಳಿದಾಗ ನಮ್ಮವ್ವ, "ಅದಕ್ಕ ಪಗಾರ ಬ್ಯಾರೆ ಕೊಡ್ತಾರ? ನಿಮ್ಮತ್ತಿ ಪುಕ್ಕಟೆ ಮಾಡ್ತಾಳಲ್ಲ," ಅಂದಿದ್ದಳು.

ಕೆಳಗೆ ಗಿರಣಿ ಶುರುವಾದರೆ ಮೇಲೆ ನಮ್ಮ ಮೇಜು ನಡುಗುತ್ತಿತ್ತು. ಜೋಳದ ಹಿಟ್ಟು ಕಿಟಕಿಯಿಂದ ಬಂದು ಕೀಬೋರ್ಡಿನ ಸಂದಿಗಳಲ್ಲಿ ಕೂರುತ್ತಿತ್ತು. ಸರ್ ಹಳೆಯ ಧೋತರದ ತುಂಡಿನಿಂದ ದಿನಕ್ಕೆ ಎರಡು ಸಲ ಅದನ್ನು ಒರೆಸುತ್ತಿದ್ದರು. ಗಿರಣಿಯ ಸದ್ದಿನಲ್ಲಿ ಗಂಟಲು ಹರಿದುಕೊಳ್ಳುವುದು ಅವರಿಗೆ ಆಗದು. ಸದ್ದು ನಿಲ್ಲುವವರೆಗೆ ಬಾಯಿ ಮುಚ್ಚಿ ಕುಳಿತಿರುತ್ತಿದ್ದರು. ಹೊಸದಾಗಿ ಬಂದವರು ಇವರಿಗೆ ಸಿಟ್ಟು ಬಂದಿದೆ ಎಂದೇ ತಿಳಿಯುತ್ತಿದ್ದರು. ನನಗೂ ಒಂದು ತಿಂಗಳು ಹಾಗೇ ಅನಿಸಿತ್ತು.

ಕಂಪೈಲರಿನ ಕಷ್ಟವನ್ನು ಅವರು ನನಗೆ ಆ ಕೈಯಲ್ಲೇ ಕಲಿಸಿದರು. ಚಿಪ್ಪು ಒಂದು ಕೆಲಸ ಮಾಡುವಾಗ ತನ್ನ ತಾತ್ಕಾಲಿಕ ಸಾಮಾನನ್ನು ಬುಟ್ಟಿಯಲ್ಲಿ ರೊಟ್ಟಿ ಒಟ್ಟಿದ ಹಾಗೆ ಒಂದರ ಮೇಲೊಂದು ಇಡುತ್ತದೆ, ಕೆಲಸ ಮುಗಿದರೆ ತೆಗೆಯುತ್ತದೆ, ಅದು ಸ್ಟ್ಯಾಕ್. ಕೈಯನ್ನೇ ಸ್ಟ್ಯಾಕ್ ಅಂದುಕೊಂಡರೆ ಒಂದು ಬೆರಳಿಗೆ ನಾಲ್ಕು ಮನೆ. ನಾಲ್ಕು ತುಂಡಿನ ಅಂಕಿ ಇಡುವುದಿದ್ದರೆ ಬೆರಳಿನ ಬುಡದಿಂದಲೇ ಶುರುವಾಗಬೇಕು. ಕೆಳಗಿನ ಸಾಮಾನು ಅಡ್ಡಾದಿಡ್ಡಿ ಅಳತೆಯದಾಗಿದ್ದರೆ, ನಡುವೆ ಒಂದೆರಡು ಮನೆ ಖಾಲಿ ಬಿಟ್ಟು ಮುಂದಿನ ಬೆರಳಿನ ಬುಡಕ್ಕೆ ಹೋಗುವುದು ಕಂಪೈಲರಿನ ಜವಾಬ್ದಾರಿ. ಅದು ಮರೆತರೆ ಅಂಕಿಯ ಅರ್ಧ ಈ ಬೆರಳಲ್ಲಿ, ಅರ್ಧ ಆ ಬೆರಳಲ್ಲಿ ಬೀಳುತ್ತದೆ. ನಮ್ಮ ಚಿಪ್ಪು ಒಮ್ಮೆಗೆ ಒಂದೇ ಬೆರಳು ನೋಡುವಂಥದು. ಇದ್ದ ನಾಲ್ಕು ಮನೆಯನ್ನೇ ತಿರುವಿ ಹಾಕಿ ಇದೇ ಅಂಕಿ ಎಂದು ಕೊಟ್ಟುಬಿಡುತ್ತದೆ.

"ಬ್ಯಾರೆ ಯಂತ್ರ ತಪ್ಪಾದ್ರ ನಿಂತಬಿಡ್ತಾವ. ಇದು ನಿಲ್ಲೂದಿಲ್ಲ. ಸುಳ್ಳ ಹೇಳ್ಕೋತ ನಡೀತೈತಿ," ಅಂದಿದ್ದರು ಸರ್.

ಈ ಮಾತು ನನಗೆ ಬಾಯಿಪಾಠವಾಗಿತ್ತು. ಬಾಯಿಪಾಠವಾದದ್ದು ತಲೆಗೆ ಹೋಗಿರಲಿಲ್ಲ.

ಹುಕ್ಕೇರಿ ಕಡೆಯ ಒಬ್ಬರು ಹಳ್ಳಿಯ ಡೇರಿಗಳಿಗೆ ಹಾಲಿನ ಫ್ಯಾಟ್, ಅಂದರೆ ಕೊಬ್ಬಿನಂಶ, ಅಳೆಯುವ ಪೆಟ್ಟಿಗೆ ತಯಾರಿಸುತ್ತಿದ್ದರು. ನಾವು ಸರಿ ಇದೆ ಎಂದು ಬರೆದುಕೊಟ್ಟ ಮೇಲೆ ಅದೇ ಕಂಪೈಲರ್ ಬಳಸಿ ಹೊಸ ಪೆಟ್ಟಿಗೆ ಮಾಡಿ ಹಲವು ಊರಿಗೆ ಕೊಟ್ಟರು. ಒಂದು ದಿನ ಅವರ ಫೋನು ಬಂತು. ಮೇಲವಂಕಿಯ ಆಚೆ ತೋಟದ ವಸ್ತಿಯೊಂದರ ಡೇರಿಯಲ್ಲಿ ಒಬ್ಬ ಹೆಣ್ಣುಮಗಳ ಹಾಲಿಗೆ ದಿನಾ ಫ್ಯಾಟ್ ತೀರ ಕಡಿಮೆ ಬರುತ್ತಿದೆ, ನೀರು ಹಾಕುತ್ತಾಳೆಂದು ಹಾಲು ತಗೊಳ್ಳುವುದನ್ನೇ ಬಿಟ್ಟಿದ್ದಾರೆ, ಆಕೆ ಪೆಟ್ಟಿಗೆಯದೇ ತಪ್ಪು ಎಂದು ಹಟ ಹಿಡಿದಿದ್ದಾಳೆ, ಹಾಗೇನಾದರೂ ಇರಬಹುದೇ ಎಂದು ಕೇಳಿದರು. ಎರಡು ನೋಟುಬುಕ್ಕು ತುಂಬ ಪರೀಕ್ಷೆ ಬರೆದಿದ್ದವಳು ನಾನು. ಒಂದೂ ತಪ್ಪಿರಲಿಲ್ಲ.

"ಯಂತ್ರ ಸುಳ್ಳ ಹೇಳೂದಿಲ್ರಿ. ಮಂದಿ ಹೇಳ್ತಾರ," ಅಂದೆ.

ಎಷ್ಟು ಚೆನ್ನಾಗಿ ಹೇಳಿದೆ ಎಂದು ನನಗೇ ಹೆಮ್ಮೆಯಾಯಿತು. ಸರ್ ಕೀಬೋರ್ಡ್ ಒರೆಸುತ್ತಿದ್ದ ಕೈ ನಿಲ್ಲಿಸಿದರು. ಗಿರಣಿ ನಡೆದಿರಲಿಲ್ಲ, ಆದರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಪೆಟ್ಟಿಗೆ ಆಕೆಗೆ ಕೊಟ್ಟ ಚೀಟಿಗಳ ಫೋಟೊ ತರಿಸು ಅಂದರು. ಬಂದವು. ಇಪ್ಪತ್ತು ದಿನದ ಚೀಟಿ, ಎಲ್ಲದರಲ್ಲೂ ಒಂದೇ ಅಂಕಿ. ನೋಡ್ರಿ, ದಿನಾ ನೀರು ಹಾಕುತ್ತಾಳೆ, ಒಂದು ದಿನವೂ ತಪ್ಪಿಸಿಲ್ಲ ಎಂದೆ ನಾನು.

"ನೀರ ಹಾಕಾಕಿ ಕೈ ದಿನಾ ಒಂದ ಅಳತಿಗೆ ಬೀಳೂದಿಲ್ಲವಾ. ಎಮ್ಮಿ ಮೈನೂ ದಿನಾ ಒಂದ ನಮೂನಿ ಇರೂದಿಲ್ಲ. ನಾಳೆ ಹೋಗೂಣು."

ಮರುದಿನ ಬೆಳಗಿನ ಹಾಲಿನ ಹೊತ್ತಿಗೆ ಸರ್ ಅವರ ಸ್ಕೂಟರಿನಲ್ಲಿ ಹೋದೆವು. ಡೇರಿಯೆಂದರೆ ಒಂದು ತಗಡಿನ ಶೆಡ್ಡು. ಹಾಲಿನ ಕಿಟ್ಲಿ ಹಿಡಿದ ಮಂದಿಯ ಸಾಲಿನ ಕೊನೆಯಲ್ಲಿ ಆಕೆ ನಿಂತಿದ್ದಳು. ಐವತ್ತರ ಆಸುಪಾಸು, ಎತ್ತರದ ಹೆಂಗಸು. ಹಾಲು ತಗೊಳ್ಳುವುದಿಲ್ಲ ಎಂದ ಮೇಲೂ ದಿನಾ ಬೆಳಿಗ್ಗೆ ಬರುತ್ತಿದ್ದಳಂತೆ. ಅಳೆದು ಚೀಟಿ ಕೊಡಿ ಅನ್ನುವುದು, ಚೀಟಿಯನ್ನು ಸೆರಗಿನ ಗಂಟಿಗೆ ಕಟ್ಟಿಕೊಳ್ಳುವುದು, ಹಾಲನ್ನು ತಿರುಗಿ ಮನೆಗೆ ಒಯ್ಯುವುದು. ಊರಿನವರು ನಗುತ್ತಿದ್ದರು. ಆ ಗಂಟು ಇಲ್ಲದಿದ್ದರೆ ನಮಗೆ ಏನೂ ಗೊತ್ತಾಗುತ್ತಿರಲಿಲ್ಲ.

ಪೆಟ್ಟಿಗೆಯಲ್ಲಿ ಪ್ರತಿಯೊಬ್ಬರ ಹೆಸರಿಗೂ ಒಂದು ನಂಬರು ಇತ್ತು. ಸರ್ ಡೇರಿಯ ಸೆಕ್ರೆಟರಿಗೆ ಆಕೆಯ ಹಾಲನ್ನು ಬೇರೆಯವರ ನಂಬರಿನಲ್ಲಿ ಅಳೆಯಲು ಹೇಳಿದರು. ಸಾಲಿನ ಮುಂದಿದ್ದ ಗೌಡರ ನಂಬರು ಒತ್ತಿದರು. ಫ್ಯಾಟ್ ಗೌಡರ ಹಾಲಿಗಿಂತ ಜಾಸ್ತಿ ಬಂತು. ಅದೇ ಕಿಟ್ಲಿಯ ಹಾಲನ್ನು ಆಕೆಯ ನಂಬರಿನಲ್ಲಿ ಅಳೆದರು. ಮತ್ತೆ ಅದೇ ಹಳೆಯ ಅಂಕಿ. ಸರ್ ಹೆಸರಿನ ಪಟ್ಟಿ ಕೇಳಿ ಇಸಿದುಕೊಂಡರು. ವಸ್ತಿಯಲ್ಲಿ ಒಂದೇ ಹೆಸರಿನ ಮೂವರು ಹೆಂಗಸರಿದ್ದರಂತೆ. ಗೊಂದಲ ಬೇಡವೆಂದು ಸೆಕ್ರೆಟರಿ ಈಕೆಯ ಹೆಸರಿಗೆ ಗಂಡನ ಹೆಸರು, ಅದರ ಮುಂದೆ ಮನೆಯ ಅಡ್ಡಹೆಸರನ್ನೂ ಸೇರಿಸಿದ್ದ. ಇಡೀ ಪಟ್ಟಿಯಲ್ಲಿ ಅಷ್ಟು ಉದ್ದದ ಹೆಸರು ಅದೊಂದೇ. ಸರ್ ಅವರ ಹೆಬ್ಬೆರಳು ಇಂಗ್ಲಿಷ್ ಅಕ್ಷರಗಳನ್ನು ಎಣಿಸುತ್ತ ಹೋಯಿತು. ಕೈ ಒಂದು ಸುತ್ತು ಮುಗಿಯಿತು, ಮತ್ತೆ ತೋರುಬೆರಳೂ ಮುಗಿಯಿತು, ಮೇಲೆ ಒಂದು ಉಳಿಯಿತು. ಇಪ್ಪತ್ತೊಂದು. ಅವರು ನನ್ನ ಮುಖ ನೋಡಿದರು. ನನಗೆ ಅಲ್ಲೇ ತಿಳಿದುಹೋಯಿತು.

ಆ ಪೆಟ್ಟಿಗೆಯಲ್ಲಿ ಹದಿನಾರು ಅಕ್ಷರದ ಒಳಗಿನ ಹೆಸರಿಗೆ ಒಂದು ಹಾದಿ, ಅದಕ್ಕಿಂತ ಉದ್ದವಿದ್ದರೆ ಇನ್ನೊಂದು ಹಾದಿ. ಉದ್ದ ಹೆಸರಿಗೆ ಸ್ಟ್ಯಾಕಿನಲ್ಲಿ ಬೇಕಾದಷ್ಟೇ ಜಾಗ ತೆಗೆದು, ಉಳಿದ ಮನೆ ಖಾಲಿ ಬಿಡದೆ, ಫ್ಯಾಟಿನ ಅಂಕಿಯನ್ನು ಬೆರಳ ನಡುವಿನಿಂದಲೇ ಇಡುವಂತೆ ಕಂಪೈಲರ್ ಆಜ್ಞೆ ಕೊಟ್ಟಿತ್ತು. ಅರ್ಥವಿಲ್ಲದ ಅಂಕಿ ಬಂದರೆ ತೀರ ಕಡಿಮೆಯ ಅಂಕಿ ತೋರಿಸು ಎಂದು ಪೆಟ್ಟಿಗೆಯವರು ಬರೆದಿದ್ದರು. ಅದಕ್ಕೇ ಇಪ್ಪತ್ತು ದಿನವೂ ಒಂದೇ ಚೀಟಿ. ಹೀಗೆ ಅಳತೆ ಬದಲಾಗುವ ಜಾಗವನ್ನು ಕಂಪೈಲರ್ ಹೇಗೆ ಇಡುತ್ತದೆ ಎಂದು ನಾನು ಪರೀಕ್ಷಿಸಿದ್ದೆ. ಇಪ್ಪತ್ತು, ಇಪ್ಪತ್ನಾಲ್ಕು, ಮೂವತ್ತೆರಡು. ಬೆರಳಿಗೆ ಸರಿಯಾಗಿ ಕೂರುವ, ನೋಟುಬುಕ್ಕಿನಲ್ಲಿ ಚೆಂದ ಕಾಣುವ ಅಳತೆಗಳನ್ನೇ ಆರಿಸಿಕೊಂಡಿದ್ದೆ.

ಸರ್ ಸಾಲಿನ ಕೊನೆಗೆ ಹೋಗಿ ಆಕೆಯ ಮುಂದೆ ನಿಂತರು. ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಯವ್ವಾ, ನಿಮ್ಮ ಹಾಲು ಚಲೋ ಐತಿ. ಡಬ್ಬಿ ತಪ್ಪೈತಿ. ಅದನ್ನ ಪರೀಕ್ಷಾ ಮಾಡಿ ಬರೋಬರಿ ಐತಿ ಅಂದವರು ನಾವು."

ಆಕೆ ಅಳಲಿಲ್ಲ, ಬೈಯಲೂ ಇಲ್ಲ. ಸಾಲಿನ ಕಡೆ ನೋಡುತ್ತ, "ದೇವರ ಮುಂದ ಆಣಿ ಮಾಡಿದ್ದೆ. ದೇವರಕಿಂತ ಈ ಡಬ್ಬಿ ಖರೆ ಅಂದ್ರು. ಅವತ್ತೂ ಇಲ್ಲೇ ಅಂದ್ರು, ಇವತ್ತ ನೀವೂ ಇಲ್ಲೇ ಹೇಳಿದ್ರಿ. ಆತ್ರಿ," ಅಂದಳು.

ನಾನು ನೆಲ ನೋಡುತ್ತ ನಿಂತಿದ್ದೆ. ಸರ್ 'ನಾವು' ಅಂದಿದ್ದರು. ಆ ಪರೀಕ್ಷೆ ಬರೆದ ಕೈ ಯಾರದೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಆ ದಿನ ಮಾಳಿಗೆಯ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತ ಸರ್ ತಮ್ಮ ಅವ್ವನ ಮಾತು ತೆಗೆದರು. ಅವರು ಕಣಗಲಾದವರು, ಮನೆಯಲ್ಲಿ ಬುದ್ಧನ ಫೋಟೊ ಇಟ್ಟು ಪೂಜಿಸುವ ಕುಟುಂಬ. ಕಣಗಲಾಕ್ಕೆ ಬಂದು ನೆಲೆಸುವ ಮೊದಲು ಇದ್ದ ಹಳ್ಳಿಯಲ್ಲಿ ಅವರವ್ವ ಒಂದು ಎಮ್ಮೆ ಸಾಕಿದ್ದರು. ಹಾಲು ಹಾಕಲು ಹೋದರೆ, ಕೇರಿಯವರೆಂದು ಅವರ ಹಾಲಿಗೆ ಬೇರೆ ಕ್ಯಾನು. ಆ ಕ್ಯಾನು ಯಾವಾಗಲೂ ಬಿಸಿಲಿನಲ್ಲಿ ಇರುತ್ತಿತ್ತು, ಹಾಲು ಕೆಡುತ್ತಿತ್ತು, ಕೆಟ್ಟ ಹಾಲು ತರುತ್ತೀರಿ ಎಂದು ಬೈಗುಳವೂ ಅವರಿಗೇ.

"ಯಂತ್ರ ಬಂದಾಗ ನನಗ ಭಾಳ ಖುಷಿ ಆಗಿತ್ತವಾ," ಅಂದರು. "ಇದು ಯಾರ ಮನಿ ಹಾಲು ಅಂತ ಕೇಳೂದಿಲ್ಲ ಅಂತ. ಅದಕ್ಕ ನಾ ಇದನ್ನ ಕಲ್ತೆ. ಈಗ ನೋಡು, ಇದೂ ಹೆಸರ ನೋಡಿ ಫ್ಯಾಟ್ ಕೊಡಾಕತ್ತಿತ್ತು."

ಅಷ್ಟು ಹೇಳಿ ಖಾಲಿ ಕಪ್ಪನ್ನು ಹಿಡಿದುಕೊಂಡೇ ಕುಳಿತರು. ನನಗೆ ಅಳು ಬಂತು. ಒಂದು ಮಾತು ಬೈದಿದ್ದರೆ ಹಗುರಾಗುತ್ತಿತ್ತು, ಬೈಯಲಿಲ್ಲ.

ಕಂಪನಿಗೆ ವರದಿಯನ್ನು ನನ್ನ ಕೈಯಿಂದಲೇ ಬರೆಸಿದರು. ಈ ತಪ್ಪು ಪರೀಕ್ಷೆಯಲ್ಲಿ ಯಾಕೆ ಸಿಗಲಿಲ್ಲ ಎಂಬಲ್ಲಿ ನಾನು ಸುತ್ತುಬಳಸಿ ಏನೋ ಬರೆದಿದ್ದೆ. ಸರ್ ಅದನ್ನು ಹೊಡೆದುಹಾಕಿ ಹಾಳೆಯನ್ನು ನನ್ನ ಕಡೆ ಸರಿಸಿದರು. ಸುಲಭದ ಅಳತೆಗಳನ್ನಷ್ಟೇ ನಾನು ಆರಿಸಿಕೊಂಡೆ, ಕಷ್ಟದ್ದನ್ನು ಬಿಟ್ಟೆ ಎಂದು ಬರೆದೆ. ಓದಿ, "ಕಂಪನಿಗೆ ಹೇಳಿದ್ದಾತು. ಇನ್ನೊಂದ ಕಡೆ ಹೇಳೂದ ಐತಿ," ಅಂದರು. ಅವರು ಯಾವ ಕಡೆ ಅನ್ನುತ್ತಿದ್ದಾರೆಂದು ಬಿಡಿಸಿ ಹೇಳಬೇಕಿರಲಿಲ್ಲ. ಮುಖ ಕಾಣದವರ ಮುಂದೆ ತಪ್ಪು ಒಪ್ಪಿಕೊಳ್ಳುವುದು ಸುಲಭ. ಮೇಲವಂಕಿ ಬಸ್ಸು ದಿನಾ ಕಣ್ಣ ಮುಂದೆಯೇ ಹೋಗುತ್ತಿತ್ತು, ನಾನು ಹತ್ತಲಿಲ್ಲ. ಕಂಪೈಲರ್ ತಿದ್ದಿ ಬಂತು, ಎಲ್ಲ ಊರಿನ ಪೆಟ್ಟಿಗೆಗಳೂ ಸರಿಯಾದವು, ಆಕೆಯ ಹಾಲೂ ಮೊದಲಿನಂತೆ ಡೇರಿಗೆ ಹೋಗತೊಡಗಿತು ಎಂದು ಕೇಳಿದೆ. ಇನ್ನೇನು, ಮುಗಿಯಿತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅಂದಿನಿಂದ ನಮ್ಮ ಪರೀಕ್ಷೆಯ ಪಟ್ಟಿಯೆಲ್ಲ ಇಪ್ಪತ್ತೊಂದರಿಂದ ಶುರುವಾಗುತ್ತಿತ್ತು. ಸರ್ ಅದಕ್ಕೆ ಅವ್ವನ ಸಾಲು ಎಂದು ಹೆಸರಿಟ್ಟಿದ್ದರು. ಯಾರ ಅವ್ವ ಎಂದು ನಾನು ಕೇಳಲಿಲ್ಲ.

ನಾಲ್ಕು ವರ್ಷ ಕಳೆದವು. ಸರ್ ಅವರಿಗೆ ಹೊಟ್ಟೆಯ ಕಾಯಿಲೆ ಇದೆ ಎಂದು ಗೊತ್ತಾಗುವಷ್ಟರಲ್ಲಿ ಅದು ಕೈಮೀರಿತ್ತು. ಆಸ್ಪತ್ರೆಗೆ ಹೋದಾಗ ಹಾಸಿಗೆಯ ಮೇಲೆ ಆ ಬಲಗೈ ಚಾದರದ ಹೊರಗಿತ್ತು. ಹೆಬ್ಬೆರಳು ನಿಧಾನಕ್ಕೆ ಗೆರೆ ದಾಟುತ್ತಿತ್ತು; ಉಂಗುರ ಬೆರಳಿಗೆ ಬಂದು, ಇಲ್ಲದ ತುದಿಯಲ್ಲಿ ನಿಂತು, ಮುಂದಕ್ಕೆ ಹೋಗಲು ಬಹಳ ಹೊತ್ತು ತೆಗೆದುಕೊಂಡಿತು. ಕೆಲಸದ ವಿಷಯ ಏನೂ ಕೇಳಲಿಲ್ಲ.

"ಮೇಲವಂಕಿಗೆ ಹೋಗಿದ್ದೇನವಾ?" ಅಂದರು.

ಹೋಗ್ತೇನ್ರಿ ಸರ್ ಎಂದೆ. ಅವರು ಕಣ್ಣು ಮುಚ್ಚಿದರು. ಅದಾದ ಒಂಬತ್ತನೆಯ ದಿನ ತೀರಿಕೊಂಡರು.

ಕಣಗಲಾದ ಮನೆಯಲ್ಲಿ ಬಿಳಿ ಬಟ್ಟೆ ಉಟ್ಟ ನೆಂಟರು ಬುದ್ಧ ವಂದನೆ ಹೇಳಿ ಮುಗಿಸಿದ್ದರು. ಬಂದವರಿಗೆ ಚಹಾ ಮಾಡಲು ಹಾಲು ಸಾಲದು ಎಂದು ಯಾರೋ ಅನ್ನುತ್ತಿದ್ದಾಗ, ಬಾಗಿಲಲ್ಲಿ ಆಕೆ ಬಂದು ನಿಂತಳು. ಕೈಯಲ್ಲಿ ಹಾಲಿನ ಕಿಟ್ಲಿ. ಎರಡು ಬಸ್ಸು ಬದಲಿಸಿ ಬಂದಿದ್ದಳು. ಸರ್ ಈ ನಾಲ್ಕು ವರ್ಷವೂ ಆಗಾಗ ಆ ಡೇರಿಗೆ ಹೋಗಿ, ಆಕೆಯ ಚೀಟಿ ನೋಡಿ ಬರುತ್ತಿದ್ದರೆಂದು ಆಗಲೇ ನನಗೆ ತಿಳಿದದ್ದು. ನನ್ನ ಪಾಲಿನ ಹಾದಿಯನ್ನು ಅವರು ನಡೆದಿದ್ದರು.

ನಾನು ಹತ್ತಿರ ಹೋದೆ.

"ಯವ್ವಾ, ಆ ಡಬ್ಬಿ ಪರೀಕ್ಷಾ ಮಾಡಿದಾಕಿ ನಾನ್ರಿ. ಸರ್ ಅಲ್ಲ. ಮಂದಿ ಸುಳ್ಳ ಹೇಳ್ತಾರ ಅಂದಾಕಿನೂ ನಾನ."

ಆಕೆ ನನ್ನನ್ನು ನೋಡಿದಳು.

"ಗೊತ್ತೈತಿ ತಂಗಿ. ಅವತ್ತ ನೀ ಒಬ್ಬಾಕಿನ ನೆಲಾ ನೋಡ್ಕೋತ ನಿಂತಿದ್ದಿ."

ಇನ್ನೇನಾದರೂ ಅನ್ನಲಿ ಎಂದು ಕಾದೆ. ಆಕೆ ಕಿಟ್ಲಿಯನ್ನು ನನ್ನ ಕೈಗೆ ಕೊಟ್ಟು, ಒಳಗೆ ಒಯ್ದು ಕಾಸಲು ಇಡು ಎಂದಳು. ಕಿಟ್ಲಿ ಭಾರವಾಗಿತ್ತು. ಅಡುಗೆಮನೆಯ ಒಲೆಯ ಮೇಲೆ ದೊಡ್ಡ ಪಾತೇಲಿಯಲ್ಲಿ ಆ ಮನೆಯ ಹಾಲು ಕಾಯುತ್ತಿತ್ತು. ಸರ್ ಅವರ ಹೆಂಡತಿ ಹೊರಗೆ ನಿಂತ ಆಕೆಯನ್ನೂ ನನ್ನ ಕೈಯ ಕಿಟ್ಲಿಯನ್ನೂ ನೋಡಿ, ಬೇರೆ ಪಾತ್ರೆ ಕೊಡಲೇ ಎಂದು ಕೇಳಿದರು. ಬೇಡ್ರಿ ಎಂದೆ. ಅದೇ ಪಾತೇಲಿಗೆ ಸುರಿದೆ.