ಬರೆ ಹಾಕುವ ಲಾಲಮ್ಮನ ಹೊಟ್ಟೆಶೂಲೆ

“ಲಾಲಮ್ಮ ಕಬ್ಬಿಣ ಕಾಸಿದ್ರ ಸಾಕು, ಶೂಲಿ ಊರು ಬಿಟ್ಟು ಓಡ್ತದ” ಅಂತ ಐನಾಪುರದ ನೆರೆಯವರು ಹೇಳುತ್ತಿದ್ದರು. ಅಪ್ಪ ಕಾಶಪ್ಪನಿಂದ ಆಕೆಗೆ ಬಂದದ್ದು ಎರಡು: ಹೊಟ್ಟೆಗೆ ಬರೆ ಹಾಕುವ ವಿದ್ಯೆ, ಹಳದಿ ಕಣ್ಣು. ಬಲಪಕ್ಕೆಯಲ್ಲಿ ಶೂಲೆ ಎದ್ದರೆ ತನಗೆ ತಾನೇ ಬರೆ ಹಾಕಿಕೊಳ್ಳುವಳು. ತುಸು ಹೊತ್ತಿಗೆ ನೋವು ಇಳಿಯುವುದು. ಇನ್ನೇನು ಸಾಕ್ಷಿ ಬೇಕು?

ಮಗಳು ಶಿವಕಾಂತಮ್ಮನಿಗೂ ಅದೇ ಕಣ್ಣು, ಅದೇ ಶೂಲೆ. ವಾಡಿ ಊರಿಗೆ ಕೊಟ್ಟ ಮಗಳು ಹಬ್ಬಕ್ಕೆ ಬಂದಾಗ ಹೋಳಿಗೆ-ತುಪ್ಪ ಉಂಡು ನೆಲಕ್ಕೆ ಬಿದ್ದು ಹೊರಳಿದಳು. ಲಾಲಮ್ಮ ಬರೆ ಹಾಕಿದಳು. ಈ ಸಲ ಶೂಲೆ ಇಳಿಯಲಿಲ್ಲ, ಮೇಲೆ ಚಳಿಜ್ವರ ಏರಿತು. ಅಳಿಯ ಸೂರ್ಯಕಾಂತ ಇಬ್ಬರನ್ನೂ ಗುಲಬರ್ಗಾ ದವಾಖಾನೆಗೆ ಒಯ್ದ.

ಡಾಕ್ಟರು ತಾಯಿ-ಮಗಳ ಕಣ್ಣು ನೋಡಿದರು, ರಕ್ತ ತೆಗೆಸಿದರು.

“ರಕ್ತದ ಕಣ ತಾಟಿನಂಗ ಚಪ್ಪಟಿ ಇರಬೇಕವ್ವಾ. ನಿಮ್ಮವು ಗೋಲಿಯಂಗ ದುಂಡಗ ಅವ. ಹೊಟ್ಟಿ ಎಡಕ್ಕಿರೋ ಗುಲ್ಮದಾಗ ಸಿಕ್ಕು ಬೇಗ ಒಡೀತಾವ. ಅದರ ಹಳದಿ ಕಣ್ಣಿಗಿ ಏರ್ತದ, ಪಿತ್ತಕೋಶದಾಗ ಹರಳಾಗ್ತದ. ಹರಳು ಅಡ್ಡ ಬಿದ್ರ ಪಿತ್ತಕೋಶ ಹಿಂಡ್ತದ, ಅದೇ ಶೂಲಿ. ಹರಳು ಸರಿದ್ರ ತಾನೇ ಇಳೀತದ.”

“ಹಂಗಾದ್ರ ನನ್ನ ಕಬ್ಬಿಣ?”

“ತಾನೇ ಇಳಿಯೋ ನೋವಿಗಿ ಕಬ್ಬಿಣಕ್ಕ ಹೆಸರು ಬಂತು.”

ಲಾಲಮ್ಮ ಮಗಳ ಹಳದಿ ಕಣ್ಣು ನೋಡಿದಳು. ಆಮೇಲೆ, “ಇದು ಯಾರ ಪಾಪ ರೀ?”

“ಯಾರದೂ ಅಲ್ಲ. ಈ ಬ್ಯಾನಿ ಅಪ್ಪಗೋ ಅವ್ವಗೋ ಇದ್ರ, ಹುಟ್ಟೋ ಪ್ರತಿ ಕೂಸಿಗೂ ಒಂದು ಕವಡಿ ಎಸೆದಂಗ. ಅಂಗಾತ ಬಿದ್ರ ಅದ, ಬೋರಲ ಬಿದ್ರ ಇಲ್ಲ.”

ಇಬ್ಬರ ಹೊಟ್ಟೆಯಲ್ಲೂ ಹರಳಿದ್ದವು. ಜ್ವರ ಇಳಿದ ಮೇಲೆ ಹರಳಿನ ಸಮೇತ ಪಿತ್ತಕೋಶ ಕೊಯ್ದು ತೆಗೆಯಲೇಬೇಕು, ಇನ್ನೊಮ್ಮೆ ಹೀಗಾದರೆ ಮಗಳು ಉಳಿಯುವುದು ಕಷ್ಟ ಅಂದರು.

“ನಾ ಒಲ್ಲೆವ್ವಾ, ಕೊಯ್ದ್ರ ಸಾಯ್ತೀನಿ!” ಶಿವಕಾಂತಮ್ಮ ಚೀರಿದಳು.

“ಹುಚ್ಚಿ! ಕೆಂಡದಂಥ ಕಬ್ಬಿಣಕ್ಕ ಹೆದರಲಿಲ್ಲ, ಇಷ್ಟುದ್ದ ಚಾಕುವಿಗಿ ಹೆದರ್ತಿ? ಸಾಹೇಬ್ರ, ಮೊದಲು ನನ್ನ ಹೊಟ್ಟಿ ಕೊಯ್ರಿ. ಇಕಿ ನೋಡ್ಲಿ.”

ಹಾಗೇ ಆಯಿತು. ಎದ್ದು ಕೂತ ಲಾಲಮ್ಮ ಕರಿ ಹರಳುಗಳನ್ನು ಮಗಳ ಅಂಗೈಗೆ ಸುರಿದಳು. “ನೋಡು, ಶೂಲಿ ಅಂದ್ರ ಇಷ್ಟೇ.” ಮಗಳು ಕೊಯ್ಯಿಸಿಕೊಂಡಳು, ಉಳಿದಳು.

ಆಮೇಲೆ ಹೊಟ್ಟೆ ಹಿಡಿದು ಬಂದವರಿಗೆಲ್ಲ ಲಾಲಮ್ಮ ಹತ್ತಿರದ ಚಿಂಚೋಳಿ ದವಾಖಾನೆಯ ದಾರಿ ತೋರಿಸಿದಳು. “ಆಕಿ ಕೈಗುಣ ಹೋಯ್ತು” ಅಂದರು ಜನ. “ಹೋದದ್ದು ಶೂಲಿ, ಕೈಗುಣ ಅಲ್ಲ” ಅಂತ ನಕ್ಕಳು.

ಕೆಲವು ವರ್ಷಕ್ಕೆ ವಾಡಿಯಿಂದ ಸುದ್ದಿ ಬಂತು: ಹೊಸ ಮೊಮ್ಮಗಳ ಕಣ್ಣು ಹಳದಿ. ಬೀಗತಿ ಬರೆ ಹಾಕುವವರನ್ನು ಹುಡುಕುತ್ತಿದ್ದಾಳೆ.

ಲಾಲಮ್ಮ ಗಂಟು ಕಟ್ಟಿ, ಮನೆಯ ಕೀಲಿ ಪಕ್ಕದ ಸೈದಾನಬಿಗೆ ಕೊಟ್ಟಳು.

“ಯಾವಾಗ ಬರ್ತಿ?”

“ಬರೂದಿಲ್ಲ. ಮಗಳ ಮನಿ ಬಾಗಲದಾಗ ಇನ್ನ ನಾನೇ ಕುಂದರ್ತೀನಿ. ಕಬ್ಬಿಣ ಹಿಡಕೊಂಡು ಯಾರು ನನ್ನ ದಾಟಿ ಒಳಗ ಹೋಗ್ತಾರ, ನೋಡೇಬಿಡ್ತೀನಿ.”

ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊಸ್ತಿಲು ದಾಟಿ, ಬಸ್ಸಿನ ಕಡೆ ದಾಪುಗಾಲು ಹಾಕಿದಳು.