ತಾಟಿನ ಎಡ ಅರ್ಧ

ಜಮಖಂಡಿ ಸಂಸ್ಥಾನ ಮುಂಬೈ ರಾಜ್ಯಕ್ಕೆ ಸೇರಿದ ನಾಲ್ಕನೆಯ ಬೇಸಿಗೆ. ಬನಹಟ್ಟಿಯ ನೇಕಾರ ಗಿರಮಲ್ಲಪ್ಪ ಮಾಳಿಗೆಗೆ ಮಣ್ಣು ಹಾಕುವಾಗ ಜಾರಿ ಬಿದ್ದ. ತಲೆಯ ಬಲಭಾಗ ಒರಳಿಗೆ ಬಡಿಯಿತು. ಹದಿನೈದು ದಿನಕ್ಕೆ ಎದ್ದ, ಮಾತಾಡಿದ, ಚಾಷ್ಟಿ ಮಾಡಿ ನಗಿಸಿದ ಕೂಡ. ಗಂಡಾಂತರ ಕಳೆಯಿತೆಂದರು ಓಣಿಯವರು. ಆದರೆ ಅಂದಿನಿಂದ ತಾಟಿನಲ್ಲಿ ಅರ್ಧ ಊಟ ಬಿಡತೊಡಗಿದ.

ಹೆಂಡತಿ ತಾರವ್ವ ಮೊದಲು ಉಪ್ಪು ನೋಡಿದಳು, ಆಮೇಲೆ ಖಾರ. ಎರಡೂ ಸರಿಯಿದ್ದವು. ಗೀರು ಎಳೆದಂತೆ ಅರ್ಧ ರೊಟ್ಟಿ, ಅರ್ಧ ಪಲ್ಯ ಹಾಗೇ ಉಳಿಯುತ್ತಿತ್ತು. ಪಕ್ಕದಲ್ಲಿ ಕುಳಿತ ಅವಳ ತೊಡೆಯಿಂದ ಎಂಟು ತಿಂಗಳ ಮಗಳು ಕೈಚಾಚಿದರೂ ಅವನು ತಿರುಗುತ್ತಿರಲಿಲ್ಲ. ಹೆಣ್ಣು ಹುಟ್ಟಿದ ಸಿಟ್ಟು ಈಗ ಹೊರಬಿತ್ತೇನೋ ಎಂದು ಅವಳಿಗೆ ಸಂಶಯ.

ಅತ್ತೆ ಮಾದೇವಿಯ ಸಂಶಯ ಬೇರೆಯೇ ಇತ್ತು.

"ಏನರ ಮದ್ದು ಹಾಕೀಯೇನ ಬೇ? ಅಂವಗ ವಾಸನಿ ಹತ್ತೈತಿ, ಅದಕ್ಕ ಬಿಡ್ತಾನ."

"ನಾ ಯಾಕ ಹಾಕಲಿರಿ, ಅತ್ತಿ?"

"ಹಂಗಾದ್ರ ಉಳಿದದ್ದು ನೀನ ತಿನ್ನು."

ತಾರವ್ವ ಅಲ್ಲೇ ಕುಳಿತು ತಿಂದಳು. ಅತ್ತೆ ಸಂಜೆಯವರೆಗೆ ಅವಳ ಮುಖವನ್ನೇ ನೋಡುತ್ತ ಕಾದಳು. ಏನೂ ಆಗಲಿಲ್ಲ.

"ಗಂಡಸರಿಗಷ್ಟ ಹತ್ತೂ ಮದ್ದೂ ಇರತಾವು," ಎಂದವಳೇ ಸೊಸೆಯ ತವರು ಬೀಳಗಿಗೆ ಹೇಳಿ ಕಳಿಸಿದಳು: ಸೋಮವಾರ ಅಣ್ಣ ಪರಸಪ್ಪ ಬಂದು ತಂಗಿಯನ್ನೂ ಕೂಸನ್ನೂ ಕರೆದೊಯ್ಯಲಿ, ತಿರುಗಿ ಕಳಿಸುವುದು ಬೇಡ.

ರವಿವಾರ ಗಿರಮಲ್ಲಪ್ಪ ಮೊದಲ ಸಲ ಮಗ್ಗಕ್ಕೆ ಕುಳಿತ. ತಾರವ್ವ ಬಾಗಿಲಲ್ಲಿ ನಿಂತಳು. ಸೀರೆಯ ಬಲದಂಚಿನಲ್ಲಿ ಒಂದೆಳೆಯೂ ತಪ್ಪಿರಲಿಲ್ಲ. ಎಡದಂಚಿನಲ್ಲಿ ಎಳೆಗಳು ಹರಿದು ಜೋತುಬಿದ್ದಿದ್ದವು. ಅವನು ಗುನುಗುತ್ತ ನೇಯುತ್ತಲೇ ಇದ್ದ. ಮುಖ ನೋಡಿದಳು: ಬಲಮೀಸೆಗೆ ಮಾತ್ರ ಎಣ್ಣೆ, ತಿರುವು. ತಾಟಿನಲ್ಲಿ ಉಳಿಯುವುದೂ ಎಡಗಡೆಯದೇ. ಕೂಸನ್ನೆತ್ತಿಕೊಂಡು ತಾನು ಕೂಡುವುದೂ ಎಡಕ್ಕೇ!

"ಅತ್ತಿ, ಇಲ್ಲೆ ಬರ್ರಿ. ನಿಮ್ಮ ಮಗಗ ಮದ್ದು ಹಾಕೀನಿ ಅಂದ್ರಿ. ಮಗ್ಗಕ್ಕೂ ಹಾಕೀನೇನ್ರಿ?"

ಮಧ್ಯಾಹ್ನ ಅವನು ಅರ್ಧ ಉಂಡು ನೀರು ಕೇಳಿದಾಗ, ಅತ್ತೆಯ ಎದುರೇ, ತಾರವ್ವ ತಾಟನ್ನು ತಿರುಗಿಸಿದಳು.

"ಮತ್ತ ನೀಡಿದೇನ? ಛಲೋ ಆತು, ಹೊಟ್ಟಿ ತುಂಬಿರಲಿಲ್ಲ," ಎನ್ನುತ್ತ ಗಿರಮಲ್ಲಪ್ಪ ಉಳಿದದ್ದನ್ನೂ ಉಂಡ.

ಸೋಮವಾರ ಬಂದ ಪರಸಪ್ಪನ ಚಕ್ಕಡಿ ಬೀಳಗಿಗೆ ಹೊರಳಲಿಲ್ಲ. ಎಲ್ಲರೂ ಕೂಡಿ ಜಮಖಂಡಿಯ ಡಾಕ್ಟರ್ ಸದಾಶಿವರಾಯರಲ್ಲಿಗೆ ಹೋದರು.

"ಕಣ್ಣು ಛಲೋ ಅವ," ಎಂದರು ರಾಯರು. "ಎಡಗಡೆ ಲಕ್ಷ್ಯ ಇಡೋ ಕೆಲಸ ಮಿದುಳಿನ ಬಲಭಾಗದ್ದು. ಅಲ್ಲೇ ಪೆಟ್ಟು ಬಿದ್ದದ. ಎಡಕ್ಕ ಏನೂ ಇಲ್ಲಂತನ ಇವಗ ಅನಸ್ತದ. ದಿನಾ ರೂಢಿ ಮಾಡಸ್ರಿ. ಪೆಟ್ಟು ಬೀಳದ ಭಾಗ ಆ ಕೆಲಸಾ ಸ್ವಲ್ಪ ಸ್ವಲ್ಪ ಕಲೀತದ. ಪೂರಾ ನೆಟ್ಟಗಾಗ್ತದಂತ ಮಾತ್ರ ನಾ ಹೇಳಂಗಿಲ್ಲ."

ಹೊರಗೆ ಬಂದ ಮಾದೇವಿ ಸೊಸೆಯ ಕಿವಿಯಲ್ಲಿ ಪಿಸುಗುಟ್ಟಿದಳು: "ಡಾಕ್ಟರ ನಿಮ್ಮ ಬೀಳಗಿ ಕಡಿಯಾಂವೇನ?"

ತಾರವ್ವ ಮಗ್ಗದ ಎಡಕ್ಕೆ ಕೆಂಪು ಅರಿವೆ ಕಟ್ಟಿದಳು. "ಇದು ಕಾಣೂತನಕ ತಲಿ ಹೊರಳಸ್ರಿ," ಎಂದು ದಿನಕ್ಕೆ ನೂರು ಸಲ ಹೇಳಿದಳು. ಅವನಿಗೆ ಪ್ರೀತಿಯ ಶೇಂಗಾ ಚಟ್ನಿಯನ್ನು ತಾಟಿನ ಎಡತುದಿಗೇ ಇಟ್ಟಳು. ಅವನು ಬೈದ, ಮರೆತ, ಮತ್ತೆ ಹುಡುಕಿದ.

ದೀಪಾವಳಿಯ ಹೊತ್ತಿಗೆ ಒಂದು ದಿನ, ಎಡಗಡೆಯಿಂದ ಪುಟ್ಟ ಹೆಜ್ಜೆಯಿಡುತ್ತ ಬಂದ ಮಗಳನ್ನು ಯಾರೂ ಹೇಳದೆ ತಿರುಗಿ ನೋಡಿದ, ಎತ್ತಿಕೊಂಡ.

ಮದ್ದಿನ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ, ತಾರವ್ವ ಬೀಳಗಿಗೆ ಹಬ್ಬಕ್ಕಷ್ಟೇ ಹೋದಳು. ಆದರೆ ಮಗ ಪೂರ್ತಿ ಉಂಡೆದ್ದರೂ ಮಾದೇವಿ ತಾಟನ್ನು ಒಮ್ಮೆ ತಿರುಗಿಸಿ ನೋಡಿಯೇ ತೊಳೆಯಲು ಹಾಕುತ್ತಿದ್ದಳು.